ಮಿರ್ಕಾಬ್ ಅಮ್ಮನ ಸ್ಥಳಪುರಾಣ

ಕುವೈತಿನ ಅಬು ಹಲೀಫಾದ ಆ ಫ್ಲ್ಯಾಟಿನಲ್ಲಿ ದೇವರ ಗಂಟೆಗೆ ನಾಲಿಗೆ ಇತ್ತು, ಮಾತಿರಲಿಲ್ಲ. ನಾಲಿಗೆಗೆ ಹಳೆಯ ಬನಿಯನ್ನಿನ ತುಂಡು ಸುತ್ತಿ ದಾರದಿಂದ ಬಿಗಿದಿದ್ದರು. ಆರತಿಯ ಹೊತ್ತಿಗೆ ಮನೆಯ ಯಜಮಾನ ಕಮಲಾಕ್ಷ ಅದನ್ನು ಎಷ್ಟೇ ಭಕ್ತಿಯಿಂದ ಅಲ್ಲಾಡಿಸಿದರೂ, ಪಕ್ಕದ ಮನೆಯಲ್ಲಿ ಯಾರೋ ಚಪ್ಪಲಿಯ ಮರಳು ಕೊಡವಿದಷ್ಟೇ ಸದ್ದು. ಚೆಂಡೆ ಇಲ್ಲ, ಶಂಖ ಇಲ್ಲ. ಭಜನೆಗೆ ಮೊದಲು ಟಿವಿಯನ್ನು ಜೋರಾಗಿ ಹಾಕುವುದು ಕಡ್ಡಾಯ. ಕಟ್ಟಡ ಕಾಯುವ ಹಾರಿಸ್‌ನ ಲೆಕ್ಕದಲ್ಲಿ ಈ ಇಂಡಿಯನ್ನರು ಪ್ರತಿ ಶುಕ್ರವಾರ ಒಟ್ಟಿಗೆ ಕೂತು ಕ್ರಿಕೆಟ್ ನೋಡುವ ಜನ.

ಗರ್ಭಗುಡಿ ಎಂದರೆ ಅಡುಗೆಮನೆಗೆ ತಾಗಿದ, ಕಿಟಕಿಯಿಲ್ಲದ, ಕಟ್ಟಿಸಿದವರು ಮನೆಗೆಲಸದವಳಿಗೆಂದು ಬಿಟ್ಟ ಕೋಣೆ. ಹೊಸದಾಗಿ ಬಂದ ಭಕ್ತರು ಯಾರಾದರೂ "ಹಾಗಾದ್ರೆ ಕೆಲಸದವಳು ಎಲ್ಲಿ ಮಲಗುದು?" ಎಂದು ಕೇಳಿದರೆ ಸೊಸೆ ಅಶ್ಮಿತಾ ಸೌಟು ಹಿಡಿದ ಕೈಯನ್ನೇ ಎತ್ತಿ "ಪ್ರೆಸೆಂಟ್ ಸಾರ್" ಎನ್ನುತ್ತಿದ್ದಳು. ನಗುವವರು ಕಡಿಮೆ.

"ತೊಂಬತ್ತನೇ ಇಸವಿ. ಆಗಸ್ಟ್!" ಎಂದು ಮಾವ ಕಮಲಾಕ್ಷ ಹಾಲ್‌ನಲ್ಲಿ ಚರಿತ್ರೆ ಎತ್ತಿದರೆ ಅಡುಗೆಮನೆಯಲ್ಲಿ ಅಶ್ಮಿತಾಳ ತುಟಿಯೂ ಅಲ್ಲಾಡಲು ಶುರು. ತಾಳಮದ್ದಳೆಯ ಅರ್ಥಧಾರಿಯ ಹಾಗೆ ಒಂದು ಹುಬ್ಬು ಮೇಲೆ, ಒಂದು ಕೈ ಸೊಂಟಕ್ಕೆ. "ಮಿರ್ಕಾಬಿನ ರೂಮು. ನಾವು ಬ್ಯಾಚುಲರ್‌ಗಳು. ಹೊರಗೆ ಟ್ಯಾಂಕು, ಒಳಗೆ ನಾವು, ಗೋಡೆಯಲ್ಲಿ ಅಮ್ಮ!" ಏಳು ವರ್ಷದ ಮಾನ್ಯಾ ಬಾಯಿಗೆ ಕೈ ಅಡ್ಡ ಹಿಡಿದು ಫ್ರಿಜ್ಜಿಗೆ ಒರಗಿ ಕುಸಿಯುತ್ತಿದ್ದಳು. "ಮಮ್ಮಾ, ಡು ದಿ ಅಮ್ಮಾನ್ ಪಾರ್ಟ್!"

ಅಮ್ಮಾನ್ ಪಾರ್ಟು ಹೀಗೆ: ಇರಾಕಿನ ಸೈನ್ಯ ಬಂದಾಗ ಕಮಲಾಕ್ಷ ಉಟ್ಟ ಬಟ್ಟೆಯಲ್ಲಿ ಬಸ್ಸು ಹತ್ತಿ, ಮರುಭೂಮಿ ದಾಟಿ, ಜೋರ್ಡಾನಿನ ಅಮ್ಮಾನಿನ ಡೇರೆಯಲ್ಲಿ ಖುಬೂಸ್ ರೊಟ್ಟಿ ತಿಂದು, ವಿಮಾನದಲ್ಲಿ ಮುಂಬಯಿ ಸೇರಿದ. ಹೊರಡುವ ಮೊದಲು, ಮಂಗಳೂರಿನ ರಥಬೀದಿಯಲ್ಲಿ ಕೊಂಡ ದುರ್ಗೆಯ ಫೋಟೋದ ಎದುರು ದೀಪ ಹಚ್ಚಿಟ್ಟಿದ್ದ. ಯುದ್ಧ ಮುಗಿದು ಮರಳಿ ಬಂದರೆ ರೂಮಿನ ಬಾಗಿಲಿಲ್ಲ, ಫ್ಯಾನಿಲ್ಲ, ಸ್ವಿಚ್ಚಿನ ಹಲಗೆಯೂ ಇಲ್ಲ. ಎಣ್ಣೆಬಾವಿಗಳ ಹೊಗೆಗೆ ಗೋಡೆಯೆಲ್ಲ ಕಪ್ಪು. ಅಮ್ಮನ ಫೋಟೋದ ಗಾಜಿಗೆ ಒಂದು ಗೀರೂ ಇಲ್ಲ! ಮತ್ತೆ ಆ ದೀಪ?

ಆ ದೀಪದ ಚರಿತ್ರೆಗೆ ಬೆಳೆಯುವ ಗುಣವಿತ್ತು. ಅಶ್ಮಿತಾ ಮದುವೆಯಾಗಿ ಬಂದ ವರ್ಷ ದೀಪದಲ್ಲಿ ಎಣ್ಣೆ ಮಾತ್ರ ಉಳಿದಿತ್ತು. ಮಾನ್ಯಾ ಹುಟ್ಟಿದ ವರ್ಷ ಬತ್ತಿ ಬೆಚ್ಚಗಿತ್ತು. ಕೊರೋನಾ ಮುಗಿಯುವ ಹೊತ್ತಿಗೆ ಹೊಗೆಯಾಡುತ್ತಿತ್ತು. ಈಗೀಗ ಉರಿಯುತ್ತಿತ್ತು. ಎಲ್ಲರೂ ಉರಿಯುತ್ತಿದ್ದದ್ದನ್ನೇ ನಂಬಿದ್ದರು. ಮಿರ್ಕಾಬ್ ಬಿಟ್ಟು ಇಲ್ಲಿಗೆ ಬರುವಾಗ ಅದೇ ಬೆಂಕಿಯನ್ನು ಲಾಟೀನಿನಲ್ಲಿ, ಎಸಿ ಬಂದ್ ಮಾಡಿದ ಪಿಕಪ್ಪಿನಲ್ಲಿ ತಂದಿದ್ದರಂತೆ. ಅಮ್ಮ ಮಾತ್ರ ಮಿರ್ಕಾಬ್ ಅಮ್ಮನಾಗಿಯೇ ಉಳಿದಳು. ವಾಸದ ಪರವಾನಗಿ ಇಕಾಮಾದ ನವೀಕರಣ ನಿಂತವರು, ವೀಸಾ ಕೊಟ್ಟ ಕಫೀಲನ ಕೈಯಲ್ಲಿ ಸಿಕ್ಕಿಬಿದ್ದವರು, ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾದವರು, ಬಸಿರು ನಿಲ್ಲದವರು ಫಹಾಹೀಲ್‌ನಿಂದ, ಸಾಲ್ಮಿಯಾದಿಂದ ಎಣ್ಣೆಯ ಬಾಟ್ಲಿ ಹಿಡಿದು ಬರುತ್ತಿದ್ದರು. ಲೈಸೆನ್ಸ್ ಕೊಡಿಸುವ ದೇವರು ಕುವೈತಿನಲ್ಲಿ ಸಣ್ಣ ದೇವರಲ್ಲ.

ದೀಪಕ್ಕೆ ಒಂದು ಕಟ್ಟಳೆ. ಆರಬಾರದು. ಮನೆಯ ಹೆಂಗಸೇ ನೋಡಬೇಕು. ಮೈಲಿಗೆಯವಳು ಮುಟ್ಟಬಾರದು ಎಂಬುದು ಸೊಸೆ ಬಂದ ಮೇಲೆ ಸೇರಿದ್ದು. ಹೀಗಾಗಿ ಮನೆಯಲ್ಲಿ ಎರಡು ಹೆಂಗಸರು ಬೇಕು, ಒಬ್ಬಳು ಹೊರಗಾದಾಗ ಇನ್ನೊಬ್ಬಳು. ಊರಿಗೆ ಈ ಕುಟುಂಬ ಯಾವತ್ತೂ ಒಟ್ಟಿಗೆ ಹೋದದ್ದಿಲ್ಲ, ಕಂತಿನಲ್ಲಿ ಹೋಗುತ್ತಿದ್ದರು.

ಆ ಬೇಸಗೆಯಲ್ಲಿ ಅತ್ತೆ ಮೋಹಿನಿ ಬಾತ್‌ರೂಮಿನಲ್ಲಿ ಜಾರಿ ಬಲಗೈ ಮುರಿದುಕೊಂಡರು. ಮೊಣಕೈವರೆಗೆ ಪ್ಲಾಸ್ಟರ್. ಒಂದು ಕೈಯಲ್ಲಿ ಬತ್ತಿ ಎಳೆಯಲಿಕ್ಕೆ, ಕರಿ ಕೊಡವಲಿಕ್ಕೆ, ನೆಲಕ್ಕೆ ಬಗ್ಗಿ ಎಣ್ಣೆ ಹೊಯ್ಯಲಿಕ್ಕೆ ಆಗುವುದಿಲ್ಲ ಎಂದು ಕಮಲಾಕ್ಷ ತೀರ್ಮಾನಿಸಿದ. ಗಂಜಿ ಬೇಯಿಸುವ ಬೆಂಕಿಯ ಜೊತೆಗೆ ಅಮ್ಮನ ಬೆಂಕಿಯೂ ಪೂರ್ತಿ ಅಶ್ಮಿತಾಳ ಪಾಲಿಗೆ ಬಂತು.

ಅದೇ ವಾರ ಮಂಗಳೂರಿನ ಹತ್ತಿರದ ಕುಳಾಯಿಯಿಂದ ಅಶ್ಮಿತಾಳ ತಮ್ಮ ಸುಮಿತ್‌ನ ಫೋನು.

"ಅಕ್ಕ, ಅಮ್ಮನನ್ನು ಐಸಿಯುಗೆ ಹಾಕಿದ್ದಾರೆ. ಎದೆಯಲ್ಲಿ ನೀರು ತುಂಬಿದೆ. ನೀನೊಮ್ಮೆ ಬಂದು ಹೋಗು."

"ಡಾಕ್ಟ್ರು ಎಂತ ಹೇಳಿದ್ರು?"

"ಡಾಕ್ಟ್ರು ಹೇಳಿದ್ದನ್ನೇ ಹೇಳ್ತಾ ಇದ್ದೇನೆ. ಬಂದು ಹೋಗು."

ರಾತ್ರಿಯೂಟಕ್ಕೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಅಶ್ಮಿತಾ ಎಲ್ಲರ ಬಟ್ಟಲಿಗೂ ಬಡಿಸಿ, ತಾನು ಕೂರದೆ ನಿಂತೇ ಹೇಳಿದಳು.

"ನಾನು ಊರಿಗೆ ಹೋಗ್ಬೇಕು."

ಕಮಲಾಕ್ಷ ಮೀನಿನ ಮುಳ್ಳನ್ನು ಜೋಪಾನವಾಗಿ ತಟ್ಟೆಯ ಅಂಚಿಗಿಟ್ಟ. "ಹೋಗ್ಬೇಕಾದ್ದೇ. ಹೆತ್ತ ತಾಯಿ. ಇವಳ ಕೈಯ ಪ್ಲಾಸ್ಟರ್ ತೆಗೀಲಿ, ಮರುದಿನವೇ ಹೋಗು."

"ಅದಕ್ಕೆ ಇನ್ನೂ ಮೂರ್ನಾಲ್ಕು ವಾರ ಉಂಟು ಮಾವ."

"ಅಷ್ಟರಲ್ಲಿ ಎಂತ ಆಗ್ತದೆ? ಅಮ್ಮ ಇದ್ದಾಳಲ್ಲ."

ಯಾವ ಅಮ್ಮ ಎಂದು ಕೇಳಬೇಕೆನಿಸಿತು ಅಶ್ಮಿತಾಳಿಗೆ. ಗಂಡನ ಕಡೆ ನೋಡಿದಳು. ಶೈಲೇಶ್ ಎಣ್ಣೆ ಕಂಪನಿಯಲ್ಲಿ ಶಿಫ್ಟಿನವನು. ದಿನಾ ಬೆಂಕಿಯ ಹತ್ತಿರವೇ ಕೆಲಸ. ಮನೆಯ ಬೆಂಕಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅವನು ಅನ್ನ ಕಲಸುತ್ತಾ ಇದ್ದ, ಕಲಸಿದ್ದನ್ನೇ ಕಲಸುತ್ತಾ ಇದ್ದ.

"ನೀವೊಂದು ಮಾತು ಹೇಳಿ ಮಾರಾಯ್ರೇ."

"ಪಪ್ಪ ಹೇಳಿದ್ರಲ್ಲ," ಎಂದ ಶೈಲೇಶ್.

ಮಾನ್ಯಾ ಹೇಳಿದಳು, "ವೈ ಕಾಂಟ್ ಪಪ್ಪಾ ಡು ಇಟ್? ಇಟ್ಸ್ ಜಸ್ಟ್ ಆಯಿಲ್. ಹಿ ವರ್ಕ್ಸ್ ಇನ್ ಆಯಿಲ್."

"ಗಂಡಸರು ಮುಟ್ಟುವ ದೀಪ ಅಲ್ಲ ಅದು," ಎಂದ ಅಜ್ಜ.

"ಬಟ್ ಯು ಲಿಟ್ ಇಟ್, ಅಜ್ಜಾ."

ಕಮಲಾಕ್ಷನ ಹುಬ್ಬು ಮೇಲೆ ಹೋಯಿತು. "ಊಟ ಮಾಡುವಾಗ ಮಾತಾಡ್ಬಾರ್ದು." ಈ ನಿಯಮ ಮಕ್ಕಳಿಗೆ ಮಾತ್ರ. ಅವನೇ ಮುಂದುವರಿಸಿದ: "ಅಶ್ಮಿತಾ, ಜನ ನಂಬಿಕೊಂಡು ಬರ್ತಾರೆ. ಆ ದೀಪ ನಮ್ಮದಲ್ಲ, ಅವರದ್ದು. ಆರಿದ್ರೆ ಅವರಿಗೆ ನಾನೆಂತ ಉತ್ತರ ಕೊಡ್ಲಿ?"

ಮೋಹಿನಿ ಎಡಗೈಯ ಚಮಚದಲ್ಲಿ ಅನ್ನ ಎತ್ತುತ್ತಿದ್ದರು. ಸಾರು ನೆತ್ತಿಗೇರಿದವರ ಹಾಗೆ ಒಮ್ಮೆ ಕೆಮ್ಮಿದರು, ಅಷ್ಟೇ.

ಎದುರು ಫ್ಲ್ಯಾಟಿನ ಸೈನಬಾ ಉಳ್ಳಾಲದವಳು, ಅಶ್ಮಿತಾಳ ಜೊತೆ ಮೀನು, ಮೆಣಸು, ಬೈಗುಳ ಎಲ್ಲವನ್ನೂ ಹಂಚಿಕೊಂಡವಳು. ವಿಷಯ ಕೇಳಿ ಬಾಗಿಲಲ್ಲೇ ನಿಂತು ದನಿ ತಗ್ಗಿಸಿದಳು. "ನೀ ಹೋಗು ಮಾರಾಯ್ತಿ. ಎಣ್ಣೆ ನಾ ಹಾಕ್ತೇನೆ. ಫ್ಲಾಸ್ಕಿಗೆ ಚಾ ಹಾಕಿದಷ್ಟೇ ಅಲ್ವಾ ಅದು? ನಿಮ್ಮ ದೇವರು ಎಂತದೂ ಹೇಳುದಿಲ್ಲ, ನನ್ನನ್ನು ದಿನಾ ನೋಡ್ತದೆ."

"ದೇವರು ಹೇಳುದಿಲ್ಲ ಅಕ್ಕ. ಮಾವ ಹೇಳ್ತಾರೆ."

"ಹಾಗಾದ್ರೆ ಮಾವನಿಗೇ ಎಣ್ಣೆ ಹಾಕು," ಎಂದಳು ಸೈನಬಾ. ಇಬ್ಬರೂ ನಕ್ಕರು. ಅಶ್ಮಿತಾ ಆ ತಿಂಗಳಿನಲ್ಲಿ ನಕ್ಕದ್ದು ಅದೇ ಕೊನೆ.

ಎರಡು ದಿನ ಬಿಟ್ಟು ಅವಳೇ ಫೋನಿನಲ್ಲಿ ಟಿಕೆಟ್ ತೆಗೆದಳು. ಯಾರಿಗೂ ಹೇಳಲಿಲ್ಲ. ಆದರೆ ತಾಯಿಗೆ ಹೇಳದೆ ಇರಲಾಗಲಿಲ್ಲ. ಸುಮಿತ್ ಆಸ್ಪತ್ರೆಯಿಂದ ವಿಡಿಯೋ ಹಚ್ಚಿದಾಗ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡ ವಾರಿಜಕ್ಕ ಮಗಳನ್ನು ನೋಡಿ ಮೊದಲು ಕೇಳಿದ್ದು:

"ದೀಪ ಉಂಟಾ?"

"ಉಂಟು ಅಮ್ಮ. ನಾನು ಬರ್ತಾ ಇದ್ದೇನೆ. ಗುರುವಾರ."

"ಅತ್ತೆಯ ಕೈ?"

"ಇನ್ನೂ ಪ್ಲಾಸ್ಟರಲ್ಲಿ ಉಂಟು."

"ಹಾಗಾದ್ರೆ ಹೇಗೆ ಬರುದು ನೀನು?" ಮುದುಕಿಗೆ ಉಸಿರು ಎಳೆಯಲಿಕ್ಕೇ ಕಷ್ಟ, ಬೈಯಲಿಕ್ಕೆ ಕಷ್ಟವಿರಲಿಲ್ಲ. ಮಾನ್ಯಾ ಹುಟ್ಟಿದಾಗ ಬಾಣಂತನಕ್ಕೆ ಬಂದು ಆ ದೀಪದ ಎದುರು ಕೂತೇ ಮೊಮ್ಮಗಳಿಗೆ ಎಣ್ಣೆ ತಿಕ್ಕಿದವಳು ಅವಳು. ಊರಿಗೆ ಮರಳಿದ ಮೇಲೆ ಬೀಡಿ ಕಟ್ಟುವ ಹೆಂಗಸರಿಗೆಲ್ಲ ಮಿರ್ಕಾಬ್ ಅಮ್ಮನ ಕಥೆ ಹೇಳಿದವಳು. "ನಾನು ಅಮ್ಮನಿಗೆ ಹೇಳಿಕೊಂಡಿದ್ದೇನೆ. ಬಿಟ್ಟು ಬಂದು ನನ್ನ ತಲೆಗೆ ತರ್ಬೇಡ. ಎಲ್ಲಿ, ತೋರಿಸು ಒಮ್ಮೆ."

ಅಶ್ಮಿತಾ ಫೋನನ್ನು ಒಳಗೆ ಒಯ್ದು ದೀಪದ ಮುಂದೆ ಹಿಡಿದಳು. ಪರದೆಯ ಒಳಗೆ ಸೂಜಿ ಚುಚ್ಚಿದ ಎರಡು ಕೈಗಳು ನಿಧಾನಕ್ಕೆ ಹತ್ತಿರ ಬಂದು ಜೋಡಿಕೊಂಡವು.

ಮರುದಿನ ವಾರಿಜಕ್ಕನ ಆಕ್ಸಿಜನ್ ಕಡಿಮೆ ಮಾಡಿದರು. ಎರಡು ಚಮಚ ಗಂಜಿನೀರು ಕುಡಿದಳು.

"ನೋಡಿದ್ಯಾ?" ಕಮಲಾಕ್ಷ ಮನೆಯೆಲ್ಲಾ ಓಡಾಡಿದ. ಮುಖದಲ್ಲಿ ನಿಜವಾದ ಸಂತೋಷವೇ ಇತ್ತು, ಅದನ್ನು ಸುಳ್ಳೆನ್ನಲಾಗದು. "ದೀಪ ನೋಡಿದ್ದೇ ನೋಡಿದ್ದು, ಅವರು ಎದ್ದು ಕೂತರು!" ಆ ಶುಕ್ರವಾರದ ಚರಿತ್ರೆಗೆ ಕುಳಾಯಿಯ ಐಸಿಯು ಸೇರಿತು. ಭಕ್ತರು ಅಶ್ಮಿತಾಳನ್ನು ನೋಡಿ ತಲೆದೂಗಿದರು. ಹಿಂದಿನ ಸಾಲಿನಲ್ಲಿ ಪುತ್ತೂರಿನ ನಿಖಿತಾ ಕಣ್ಣೊರಸಿಕೊಂಡಳು. ಹೊಸದಾಗಿ ಬಂದ ನರ್ಸು ಅವಳು, ಮದುವೆಯಾಗಿ ವರ್ಷವೂ ತುಂಬಿಲ್ಲ, ಗಂಡನ ವೀಸಾ ಆಗಲೆಂದು ಹನ್ನೊಂದು ಶುಕ್ರವಾರ ತಪ್ಪದೆ ಬಂದು ದೀಪಕ್ಕೆ ಬತ್ತಿ ಹೊಸೆದು ಕೊಡುವ ಹರಕೆ ಹೊತ್ತಿದ್ದಳು.

ಅಶ್ಮಿತಾ ಟಿಕೆಟ್ ತೆಗೆದದ್ದನ್ನು ಮನೆಯವರಿಗೆ ಹೇಳಿ, ಕ್ಯಾನ್ಸಲ್ ಮಾಡಿದಳು. ಹಾಗೆ ಮಾಡುವಾಗ ಅವಳಿಗೂ ಸ್ವಲ್ಪ ನಂಬಿಕೆ ಬಂದಿತ್ತು, ಅದನ್ನೂ ಹೇಳಬೇಕು.

ಸುಮಿತ್ ಫೋನಿನಲ್ಲಿ ಕೂಗಿದ. "ನಿನಗೆ ತಲೆ ಸರಿ ಉಂಟಾ ಅಕ್ಕ? ಅವಳು ಬರ್ಬೇಡ ಅಂತಾಳೆ, ಹೌದು. ರಾತ್ರಿ ಇಡೀ ಬಾಗಿಲು ನೋಡ್ತಾಳೆ. ನರ್ಸು ಬಂದ್ರೆ 'ಅಶ್ಮಿ' ಅಂತಾಳೆ."

"ಗುಣ ಆಗ್ತಾ ಉಂಟಲ್ಲ ಸುಮಿ. ಇನ್ನು ಎರಡು ವಾರ..."

"ಆಯ್ತು. ದೀಪ ನೋಡ್ಕೊ," ಎಂದು ಅವನು ಇಟ್ಟ.

ಆಮೇಲಿನ ದಿನಗಳು ಒಂದೇ ಅಚ್ಚಿನವು. ಬೆಳಿಗ್ಗೆ ಮಾನ್ಯಾಳ ಟಿಫಿನ್ನು, ಅತ್ತೆಯ ತಲೆಗೆ ಬಾಚಣಿಗೆ, ಶೈಲೇಶನ ಯೂನಿಫಾರ್ಮು, ದೀಪಕ್ಕೆ ಎಣ್ಣೆ. ಮಧ್ಯಾಹ್ನ ಎಸಿ ಕುಯ್ಯೆನ್ನುವಾಗ ಹಪ್ಪಳ, ಮಜ್ಜಿಗೆ, ಮತ್ತೆ ಎಣ್ಣೆ. ಹೊರಗೆ ಮರಳುಗಾಳಿ ಎದ್ದು ಕಿಟಕಿಗಳೆಲ್ಲ ಕಂದಾದಾಗ ಮೊದಲು ಓಡಿದ್ದು ಬಾಲ್ಕನಿಯ ಬಟ್ಟೆಗಲ್ಲ, ದೀಪದ ಕೋಣೆಯ ಬಾಗಿಲಿಗೆ. ಒಂದು ಸಂಜೆ ಶೈಲೇಶನ ಎದುರು ಚಪಾತಿ ಹಿಟ್ಟನ್ನು ಬಡಿದಿಟ್ಟಳು.

"ನಿಮ್ಮಮ್ಮ ಐಸಿಯುನಲ್ಲಿದ್ದಿದ್ರೆ?"

"ಹಾಗೆಲ್ಲ ಯಾಕೆ ಮಾತಾಡ್ತಿ?"

"ಯಾಕಂದ್ರೆ ನೀವು ಮಾತಾಡುದಿಲ್ಲ."

"ಪಪ್ಪನಿಗೆ ಈ ವಯಸ್ಸಿನಲ್ಲಿ ಅದೊಂದೇ ಇರುದು ಅಶ್ಮಿ. ಕಂಪನಿಯಲ್ಲಿ ಅವರನ್ನು ಯಾರೂ ಕೇಳುದಿಲ್ಲ. ಶುಕ್ರವಾರ ಮಾತ್ರ ನಾಲ್ಕು ಜನ ಕೈ ಮುಗೀತಾರೆ."

"ಫೋಟೋಕ್ಕೆ ಮುಗಿಯುದು ಅವರು."

"ಗೊತ್ತುಂಟು," ಎಂದ ಶೈಲೇಶ್. "ಅವರಿಗೂ ಗೊತ್ತುಂಟು."

ವಾರಿಜಕ್ಕ ಒಂದು ಭಾನುವಾರ ಬೆಳಿಗ್ಗೆ ಹೋದಳು. ಅಶ್ಮಿತಾ ಆಗ ದೀಪದ ಕೋಣೆಯಲ್ಲಿ ಬತ್ತಿಯ ಕರಿ ಕೊಡವುತ್ತಿದ್ದಳು. ಸುಮಿತ್‌ನ ಫೋನು. "ಆಯ್ತಕ್ಕ, ಮುಗೀತು," ಎಂದ. ಅವಳು ಕೂತಲ್ಲೇ ಕೂತಳು. ಗಟ್ಟಿಯಾಗಿ ಅತ್ತಳು. ಅಳು ಕೇಳಿ ಕಮಲಾಕ್ಷ ಶೇವಿಂಗ್ ನೊರೆಯ ಮುಖದಲ್ಲೇ ಓಡಿ ಬಂದ.

"ಅಯ್ಯೋ ಮಗಾ... ಅಯ್ಯೋ ದೇವರೇ..." ಅವನ ಕಣ್ಣೂ ತುಂಬಿತು. ಮರುಗಳಿಗೆ ಹೊಸ್ತಿಲಿನಲ್ಲಿ ನಿಂತು ಕೈ ಚಾಚಿದ. "ಹೊರಗೆ ಬಾ. ಆ ಕೋಣೆಯಿಂದ ಹೊರಗೆ ಬಾ ಮಗಾ. ನಿನಗೆ ಸೂತಕ."

ಅಳುತ್ತಿದ್ದವಳು ಅಳು ನಿಲ್ಲಿಸಿ ಅವನ ಮುಖ ನೋಡಿದಳು.

ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಬಾಯಿ ಬಿಡದ ಸಂಗತಿ. ಅವರ ಜನರಲ್ಲಿ ಹೆಣ್ಣುಮಕ್ಕಳು ಮದುವೆಯಾದರೂ ತಾಯಿಯ ಬಳಿಗೇ, ಅಂದರೆ ಅವಳ ಕುಲಕ್ಕೇ, ಸೇರಿದವರು. ತಾಯಿ ಸತ್ತರೆ ಮಗಳಿಗೆ ಬೊಜ್ಜದ ಉತ್ತರಕ್ರಿಯೆ ಮುಗಿಯುವವರೆಗೆ ಪೂರ್ತಿ ಸೂತಕ. ವಾರಿಜಕ್ಕ ಬದುಕಿರುವವರೆಗೆ ಅಶ್ಮಿತಾ ದೀಪ ಬಿಟ್ಟು ಹೋಗುವ ಹಾಗಿಲ್ಲ. ಸತ್ತ ಕ್ಷಣದಿಂದ ದೀಪ ಮುಟ್ಟುವ ಹಾಗಿಲ್ಲ. ಅವಳಿಗೆ ರಜೆ ಸಿಗಲು ತಾಯಿ ಸಾಯಬೇಕಿತ್ತು.

"ಹಾಗಾದ್ರೆ ಇವತ್ತಿನಿಂದ ದೀಪ ಯಾರು ನೋಡ್ತಾರೆ ಮಾವ?" ಅಶ್ಮಿತಾ ಕೇಳಿದಳು.

ಕಮಲಾಕ್ಷ ಗಲ್ಲದ ನೊರೆ ಒರಸಿಕೊಂಡ. "ಇವಳು ಹೇಗಾದ್ರೂ ಮಾಡ್ತಾಳೆ. ಒಂದು ಕೈ ಉಂಟಲ್ಲ."

ದಹನವನ್ನು ಅವಳು ಅಡುಗೆಮನೆಯಲ್ಲಿ ನೋಡಿದಳು, ಬೇಳೆಯ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ. ಸಿಗ್ನಲ್ ಹೋಗಿ ಬಂದು ಮಾಡುತ್ತಿತ್ತು. ಒಮ್ಮೆ ತಾಯಿಯ ಕಾಲು ಕಂಡಿತು, ಆಮೇಲೆ ಯಾರದೋ ಬೆನ್ನು, ಆಮೇಲೆ ಬೆಂಕಿ. ಸೈನಬಾ ಪಕ್ಕದಲ್ಲಿ ನಿಂತು ಅವಳ ಭುಜ ಹಿಡಿದುಕೊಂಡಿದ್ದಳು. ಸೈನಬಾಳ ಒಲೆಯಿಂದಲೇ ಮೂರು ದಿನ ಗಂಜಿ ಬಂತು.

ಸೂತಕದವಳಿಗೆ ಹಾಲ್‌ನ ಮೂಲೆಯಲ್ಲಿ ಚಾಪೆ. ಅಲ್ಲಿಂದ ದೀಪದ ಕೋಣೆ ನೇರ ಕಾಣುತ್ತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಕಮಲಾಕ್ಷನೂ ಶೈಲೇಶನೂ ಕೆಲಸಕ್ಕೆ, ಮಾನ್ಯಾ ಶಾಲೆಗೆ ಹೋಗಿದ್ದರು. ಮೋಹಿನಿ ನಿದ್ದೆ ಮುಗಿಸಿ ಎದ್ದು ಬಂದರು. ಅಶ್ಮಿತಾ ತಲೆ ಎತ್ತಿದಳು. ಕೋಣೆಯೊಳಗೆ ಕತ್ತಲು. ಬತ್ತಿಯ ತುದಿಯಲ್ಲಿ ಹೊಗೆಯೂ ಇರಲಿಲ್ಲ.

ಮೋಹಿನಿ ಗಾಬರಿಯಾಗಲಿಲ್ಲ. ಅಮ್ಮನ ಫೋಟೋದ ಹಿಂದೆ ಎಡಗೈ ತೂರಿಸಿ, ಬಕಾಲಾ ಅಂಗಡಿಯಲ್ಲಿ ಸಿಗುವ ಉದ್ದ ಮೂತಿಯ ಲೈಟರ್ ತೆಗೆದರು. ಮೊಣಕಾಲೂರಿ, ಹಲ್ಲಿನಲ್ಲಿ ಎಣ್ಣೆ ಬಾಟ್ಲಿಯ ಮುಚ್ಚಳ ಕಚ್ಚಿ ತಿರುಗಿಸಿ, ಎಣ್ಣೆ ಹೊಯ್ದು, ಹೇರ್‌ಪಿನ್ನಿನಿಂದ ಬತ್ತಿ ಮೀಟಿ, ಟಕ್ಕೆನಿಸಿದರು. ಹೊತ್ತಿತು. ಎಲ್ಲವೂ ಒಂದೇ ಕೈಯಲ್ಲಿ, ಚಾ ಕುಡಿದಷ್ಟು ಸಲೀಸಾಗಿ.

"ಆರಿತ್ತು ಅತ್ತೆ," ಎಂದಳು ಅಶ್ಮಿತಾ.

"ಆರ್ತದೆ. ಈಗಿನ ಎಣ್ಣೆ ಒಳ್ಳೇದಿಲ್ಲ."

"ಮೊದಲೂ ಆರಿದ್ದುಂಟಾ?"

ಮೋಹಿನಿ ಲೈಟರನ್ನು ಇದ್ದಲ್ಲಿಟ್ಟರು. "ಯಾರು ಎಣಿಸ್ತಾರೆ? ಎಸಿ ಗಾಳಿಗೆ ಆರಿದ್ದುಂಟು, ನಾನು ನಿದ್ದೆ ಹೋಗಿ ಆರಿದ್ದುಂಟು. ಶೈಲು ಸಣ್ಣವನಿರುವಾಗ ಹ್ಯಾಪಿ ಬರ್ತ್‌ಡೇ ಅಂತ ಊದಿ ಆರಿಸಿದ್ದ."

"ಮತ್ತೆ ನನ್ನನ್ನು ಯಾಕೆ ಕೂರಿಸಿದ್ರಿ? ನಿಮಗೆ ಒಂದು ಕೈಯಲ್ಲಿ ಆಗ್ತಿತ್ತು. ಆಗದಿದ್ರೂ, ಆರಿದ್ರೆ ಹಚ್ಚಿದ್ರಾಯ್ತು."

ಮೋಹಿನಿ ಗೋಡೆ ಹಿಡಿದು ಎದ್ದು ಅಡುಗೆಮನೆಗೆ ಹೋದರು. ಗ್ಯಾಸಿನ ಮೇಲೆ ಪಾತ್ರೆ ಇಡುವ ಸದ್ದು, ನಲ್ಲಿಯ ಸದ್ದು. ಆಮೇಲೆ ನಲ್ಲಿ ಬಹಳ ಹೊತ್ತು ಸುಮ್ಮನೆ ಸುರಿಯುತ್ತಾ ಇತ್ತು.

ಬೊಜ್ಜಕ್ಕೆ ಹೋಗಲು ಶೈಲೇಶ್ ತಾನಾಗಿಯೇ ಟಿಕೆಟ್ ತೆಗೆದ, ಭಾನುವಾರಕ್ಕೆ. ನಡುವೆ ಒಂದು ಶುಕ್ರವಾರ ಇತ್ತು.

ಆ ಶುಕ್ರವಾರ ಹಾಲ್ ತುಂಬಿತ್ತು. ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿ, ಬಾರದವರೂ ಬಂದಿದ್ದರು. ಟಿವಿಯಲ್ಲಿ ಯಾವುದೋ ಮ್ಯಾಚು ಕಿರುಚುತ್ತಿತ್ತು. ತೊಡೆಯ ಮೇಲೆ ತಾಳ ಹಾಕುವ ಹೋಟೆಲಿನ ದೇಜಪ್ಪ ಮುಂದಿನ ಸಾಲಿನಲ್ಲಿ. ಅಶ್ಮಿತಾ ಅಡುಗೆಮನೆಯ ಬಾಗಿಲಿನ ಪಕ್ಕ, ಯಾರೂ ತಾಗದಷ್ಟು ದೂರದಲ್ಲಿ, ಚಾಪೆಯ ಮೇಲೆ.

"ತೊಂಬತ್ತನೇ ಇಸವಿ. ಆಗಸ್ಟ್!" ಕಮಲಾಕ್ಷ ಟ್ಯಾಂಕು, ಅಮ್ಮಾನು, ಹೊಗೆ ಎಲ್ಲವನ್ನೂ ದಾಟಿ ಬಂದ. ದೀಪ ಉರಿಯುತ್ತಿತ್ತು. ಅಲ್ಲಿಗೆ ಮುಗಿಯುತ್ತಿದ್ದ ಚರಿತ್ರೆ ಅಂದು ಮುಗಿಯಲಿಲ್ಲ. "ಇಷ್ಟು ವರ್ಷ ಅಮ್ಮ ನಮ್ಮನ್ನು ಕಾದಳು. ಅಮ್ಮನನ್ನು ಕಾದದ್ದು ಯಾರು? ಅಲ್ಲಿ ಕೂತಿದ್ದಾಳೆ ನೋಡಿ, ನಮ್ಮ ಸೊಸೆ. ಹೆತ್ತ ತಾಯಿ ಅಲ್ಲಿ ಕೊನೆಯುಸಿರು ಎಳೆಯುವಾಗ ಈ ಮಗು ಇಲ್ಲಿ ಬತ್ತಿ ಎಳೆಯುತ್ತಿತ್ತು. ಟಿಕೆಟ್ ಕೈಯಲ್ಲಿತ್ತು, ಹೋಗಲಿಲ್ಲ. ದೀಪ ಆರಲಿಲ್ಲ!"

ಎಲ್ಲ ತಲೆಗಳೂ ಒಟ್ಟಿಗೆ ತಿರುಗಿದವು. ಯಾರೋ ಕೈ ಮುಗಿದರು. ನೋಡಿ ಇನ್ನೊಬ್ಬರು, ಮತ್ತೊಬ್ಬರು. ಹಿಂದಿನಿಂದ ನಿಖಿತಾ ಎದ್ದು ನಿಂತಳು, ಕೆನ್ನೆ ಒದ್ದೆ.

"ಅಂಕಲ್, ನಾನೊಂದು ಹೇಳ್ಲಾ? ನನ್ನ ಅಪ್ಪನಿಗೆ ಮೊನ್ನೆ ಸ್ಟ್ರೋಕ್ ಆಯ್ತು. ನಾಳೆ ಹೊರಡುದು ಅಂತ ಇದ್ದೆ. ಹರಕೆಗೆ ಇನ್ನೂ ನಾಲ್ಕು ಶುಕ್ರವಾರ ಬಾಕಿ ಉಂಟು. ನಾನು ಹೋಗುದಿಲ್ಲ. ಅಕ್ಕನ ಹಾಗೆ ಇಲ್ಲೇ ಇರ್ತೇನೆ. ಅಮ್ಮ ನೋಡಿಕೊಳ್ತಾಳೆ."

"ನೋಡಿಕೊಳ್ತಾಳೆ ಮಗಾ!" ಎಂದ ಕಮಲಾಕ್ಷ.

"ಹೋಗು," ಎಂದಳು ಅಶ್ಮಿತಾ.

ಕುಳಿತಲ್ಲಿಂದಲೇ ಹೇಳಿದಳು, ಟಿವಿಯ ಗದ್ದಲದಲ್ಲೂ ಎಲ್ಲರಿಗೂ ಕೇಳಿಸಿತು. "ಹೋಗು ನಿಖಿತಾ. ಆ ದೀಪ ಆರ್ತದೆ. ಮೊನ್ನೆ ನನ್ನ ಕಣ್ಣೆದುರು ಆರಿತ್ತು. ಮೊದಲೂ ಎಷ್ಟೋ ಸಲ ಆರಿದೆ. ಅತ್ತೆ ಲೈಟರಲ್ಲಿ ಹಚ್ತಾರೆ."

ದೇಜಪ್ಪನ ಕೈ ತೊಡೆಯ ಮೇಲೆ ನಿಂತಿತು. ಕಮಲಾಕ್ಷನ ಎರಡೂ ಹುಬ್ಬುಗಳು ಇಳಿದು, ಒಮ್ಮೆಲೇ ಅವನು ಬರೀ ಒಬ್ಬ ಮುದುಕನ ಹಾಗೆ ಕಂಡ. ಹೆಂಡತಿಯ ಕಡೆ ತಿರುಗಿದ.

"ಎಂತ ಹೇಳ್ತಾಳೆ ಇವಳು? ಮೋಹಿನಿ?"

ಮೋಹಿನಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದರು. ಅಶ್ಮಿತಾ ಅವರನ್ನೇ ನೋಡಿದಳು. ನಿಖಿತಾಳೂ ನೋಡಿದಳು.

"ಇಲ್ಲ," ಎಂದರು ಮೋಹಿನಿ. "ಆರಿಲ್ಲ. ನಾನು ಈ ಮನೆಗೆ ಬಂದ ಮೇಲೆ ಒಂದು ಸಲವೂ ಆರಿಲ್ಲ."

ಹಾಲ್‌ನಲ್ಲಿ ಉಸಿರು ಮರಳಿತು. "ಪಾಪ, ತ್ರಾಸದಲ್ಲಿ ಮಾತಾಡ್ತಾಳೆ," ಎಂದಿತು ಒಂದು ದನಿ. "ತಾಯಿ ಹೋದವಳಲ್ವಾ," ಎಂದಿತು ಇನ್ನೊಂದು. ದೇಜಪ್ಪ ಭಜನೆ ಎತ್ತಿದ. ಅಶ್ಮಿತಾ ಎದ್ದು ಅಡುಗೆಮನೆಗೆ ಹೋದಳು.

ಪಾಯಸಕ್ಕೆ ಮೋಹಿನಿ ಬಂದಾಗ ಸೊಸೆ ಸಿಂಕಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಯಾಕೆ ಸುಳ್ಳು ಹೇಳಿದ್ರಿ?"

"ಮೆಲ್ಲ ಮಾತಾಡು. ಜನ ಇದ್ದಾರೆ."

"ಆ ಹುಡುಗಿಯ ಅಪ್ಪ ಸತ್ರೆ?"

ಮೋಹಿನಿ ಎಡಗೈಯಲ್ಲಿ ಪಾಯಸ ಕಲಕಿದರು. ತಳ ಹಿಡಿದಿರಲಿಲ್ಲ, ಆದರೂ ಕಲಕಿದರು. "ಶೈಲು ಹೊಟ್ಟೆಯಲ್ಲಿದ್ದ. ನನ್ನಮ್ಮನಿಗೆ ಹಾವು ಕಚ್ಚಿತು ಅಂತ ಟೆಲಿಗ್ರಾಂ ಬಂತು. ಇವರು ಹೇಳಿದ್ರು, ದೀಪ ಉಂಟಲ್ಲ. ನಾನು ಹೋಗ್ಲಿಲ್ಲ. ಬೊಜ್ಜಕ್ಕೂ ಹೋಗ್ಲಿಲ್ಲ. ಆಗ ಊರಿಗೆ ಹೋಗುದು ಈಗಿನ ಹಾಗೆ ಅಲ್ಲ." ಸೌಟು ನಿಂತಿತು. "ಅದು ಆರ್ತಿತ್ತು ಅಂತ ನಾಲ್ಕು ಜನರ ಎದುರು ಹೇಳಿದ್ರೆ, ನಾನು ಇಲ್ಲಿ ಎಂತ ಕಾಯ್ತಾ ಕೂತಿದ್ದೆ? ಹೇಳು ನೀನೇ."

ಅತ್ತೆಯ ಮುಖ ಹಬೆಯಲ್ಲಿ ಒದ್ದೆಯಾಗಿತ್ತು, ಹಬೆಯೋ ಅಲ್ಲವೋ.

"ನಾಳೆ ನಿನಗೂ ಅದೇ ಬೇಕಾಗ್ತದೆ," ಎಂದರು ಮೋಹಿನಿ. "ಆರಲಿಲ್ಲ ಅಂತಲೇ ಬೇಕಾಗ್ತದೆ. ಲೋಟ ಕೊಡು. ಬೇಡ, ನೀನು ಮುಟ್ಬೇಡ."

ಪ್ರಸಾದ ತಿಂದು ಜನ ಒಬ್ಬೊಬ್ಬರಾಗಿ ಹೊರಟರು; ಒಟ್ಟಿಗೆ ಇಳಿದರೆ ಹಾರಿಸ್ ಲೆಕ್ಕ ಹಾಕುತ್ತಾನೆ. ನಿಖಿತಾ ಫೋನು ಕಿವಿಗೆ ಹಿಡಿದು ಟ್ರಾವೆಲ್ಸಿನವನಿಗೆ "ಕ್ಯಾನ್ಸಲ್ ಭಾಯಿ, ಹಾಂ, ಪಕ್ಕಾ" ಎನ್ನುತ್ತಾ ಕಾರಿಡಾರಿನಲ್ಲಿದ್ದಳು. ಅಶ್ಮಿತಾ ಚಪ್ಪಲಿಯಿಲ್ಲದೆ ಓಡಿದಳು. ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ನಿಖಿತಾ, ನನ್ನ ಮಾತು ಕೇಳು. ನನಗೆ ತಲೆ ಕೆಟ್ಟಿಲ್ಲ. ಇವತ್ತೇ ಹೋಗು. ಅಪ್ಪನ ಮುಖ ನೋಡು. ದೀಪ ಹಾಳಾಗಿ ಹೋಗ್ಲಿ."

ಹುಡುಗಿ ಅವಳನ್ನು ನೋಡಿದಳು. ಹುಚ್ಚಿಯನ್ನು ನೋಡುವ ನೋಟವಾಗಿದ್ದರೆ ಅಶ್ಮಿತಾ ತಡೆದುಕೊಳ್ಳುತ್ತಿದ್ದಳು. ಅದು ಆ ಕೋಣೆಯ ಫೋಟೋವನ್ನು ನೋಡುವ ನೋಟ.

"ನನ್ನನ್ನು ಪರೀಕ್ಷೆ ಮಾಡ್ತಿದ್ದೀರಿ ಅಕ್ಕ," ಎಂದಳು ನಿಖಿತಾ ಮೆಲ್ಲಗೆ. "ಟಿಕೆಟ್ ಇದ್ದೂ ನೀವು ಹೋಗ್ಲಿಲ್ಲ ಅಲ್ವಾ?"

ಸೂತಕದವಳ ಕಾಲು ಮುಟ್ಟುವ ಹಾಗಿಲ್ಲ. ನಿಖಿತಾ ಅಲ್ಲಿಂದಲೇ ಕೈ ಜೋಡಿಸಿ ತಲೆ ಬಗ್ಗಿಸಿದಳು. ಅಶ್ಮಿತಾಳ ಕೈ ಬಾಗಿಲಿನಿಂದ ಜಾರಿತು. ಲಿಫ್ಟು ಕೆಳಗೆ ಹೋಯಿತು.